ಬಾಲಿಯ ಬೆಂಕಾಲಾದಲ್ಲಿ ಇಡೀ ಊರೇ ಕಿವುಡಾ?

ಪ್ರಶ್ನೆ: ಇಂಡೋನೇಷ್ಯಾದ ಬಾಲಿಯಲ್ಲಿ ಒಂದು ಹಳ್ಳಿ ಇದೆಯಂತೆ. ಅಲ್ಲಿ ಊರಿಗೆ ಊರೇ ಕಿವುಡಂತೆ, ಎಲ್ಲರೂ ಕೈಸನ್ನೆಯಲ್ಲೇ ಮಾತಾಡ್ತಾರಂತೆ. ಯಾರದೋ ಶಾಪ ಅಂತ ಒಂದು ವಿಡಿಯೊದಲ್ಲಿ ಹೇಳಿದ್ದರು. ಇದು ನಿಜಾನಾ?

ಅರ್ಧ ನಿಜ. ಹಳ್ಳಿ ಇರುವುದು ನಿಜ, ಹೆಸರು ಬೆಂಕಾಲಾ. ಕೈಸನ್ನೆಯ ಮಾತು ಇರುವುದೂ ನಿಜ. ಆದರೆ ಊರಿಗೆ ಊರೇ ಕಿವುಡಲ್ಲ. ಸುಮಾರು ಮೂರು ಸಾವಿರ ಜನರಿರುವ ಹಳ್ಳಿಯಲ್ಲಿ ಕಿವಿ ಕೇಳದವರು ನಲವತ್ತು ಚಿಲ್ಲರೆ ಜನ, ಅಷ್ಟೇ. ವಿಡಿಯೊಗಳಲ್ಲಿ ಸಾಮಾನ್ಯವಾಗಿ ಬಿಟ್ಟುಹೋಗುವ ಸಂಗತಿ ಬೇರೆಯೇ ಇದೆ. ಆ ನಲವತ್ತು ಜನರ ಜೊತೆ ಮಾತಾಡಲು ಚೆನ್ನಾಗಿ ಕಿವಿ ಕೇಳುವ ಸಾವಿರಕ್ಕೂ ಹೆಚ್ಚು ಜನ ಸನ್ನೆ ಭಾಷೆ ಕಲಿತಿದ್ದಾರೆ. ಅಂಗಡಿಯವರು, ನೆರೆಮನೆಯವರು, ಗದ್ದೆ ಕೆಲಸಕ್ಕೆ ಜೊತೆಗೆ ಹೋಗುವವರು, ಆಟಕ್ಕೆ ಬರುವ ಮಕ್ಕಳು, ಎಲ್ಲರೂ ಇದರಲ್ಲಿದ್ದಾರೆ. ಕೆಲವರದು ನಿರರ್ಗಳ ಸನ್ನೆ, ಕೆಲವರದು ವ್ಯವಹಾರಕ್ಕೆ ಸಾಕಾಗುವಷ್ಟು. ಈ ಊರಿನ ಬಗ್ಗೆ ಬರೆಯಬೇಕು ಅನ್ನಿಸಿದ್ದು ಈ ಕಾರಣಕ್ಕೇ.

ಬಾಲಿ ಅಂದ ಕೂಡಲೇ ನಮ್ಮ ಕಣ್ಣಿಗೆ ಬರುವುದು ದಕ್ಷಿಣದ ಕಡಲತೀರ, ಹೋಟೆಲು, ಉಬುದ್‌ನ ಹಸಿರು ಗದ್ದೆ. ಬೆಂಕಾಲಾ ಇರುವುದು ದ್ವೀಪದ ಉತ್ತರದಲ್ಲಿ, ಬುಲೆಲೆಂಗ್ ಜಿಲ್ಲೆಯ ಕುಬುತಂಬಹಾನ್ ತಾಲ್ಲೂಕಿನಲ್ಲಿ. ಹತ್ತಿರದ ಪಟ್ಟಣ ಸಿಂಗರಾಜ. ಡಚ್ಚರ ಕಾಲದಲ್ಲಿ ಬಾಲಿಯ ಆಡಳಿತ ಕೇಂದ್ರ ಅದೇ ಆಗಿತ್ತು, ಈಗ ಪ್ರವಾಸಿಗರು ಅತ್ತ ಹೋಗುವುದು ಕಡಿಮೆ. ಉತ್ತರದಲ್ಲಿ ಮಳೆಯೂ ದಕ್ಷಿಣಕ್ಕಿಂತ ಕಡಿಮೆ. ಬೆಂಕಾಲಾದ ಜನ ಬೇಸಾಯ, ದನ ಸಾಕಣೆ, ಕೂಲಿ ಮಾಡಿಕೊಂಡು ಬದುಕುವವರು. ಊರು ಮಾತ್ರ ಬಹಳ ಹಳೆಯದು. ರಾಜ ಜಯಪಂಗುಸ್‌ನ ಕಾಲದ, 1181ರ ಶಾಸನದಲ್ಲಿ ಇದರ ಹೆಸರಿದೆ.

ಶಾಪದ ಕಥೆಯನ್ನು ವಿಡಿಯೊ ಮಾಡಿದವರು ಹುಟ್ಟಿಸಿದ್ದಲ್ಲ. ಊರಿನವರೇ ಹೇಳಿಕೊಂಡು ಬಂದ ಕಥೆ ಅದು. ಮಂತ್ರ ಬಲ್ಲ ಇಬ್ಬರು ಜಗಳವಾಡಿ ಒಬ್ಬರಿಗೊಬ್ಬರು ಕಿವುಡಾಗಲಿ ಎಂದು ಶಪಿಸಿಕೊಂಡರು ಎಂದು ಒಂದು ಕಥೆ ಹೇಳುತ್ತದೆ. ಸ್ಮಶಾನದಲ್ಲಿ ಕಿವುಡ ದೇವರೊಂದು ನೆಲೆಸಿದೆ ಎನ್ನುವ ನಂಬಿಕೆಯೂ ಇದೆ. ಬಾಲಿಯವರು ಬಹುಪಾಲು ಹಿಂದೂಗಳು. ಊರ ದೇವರು, ಹಿರಿಯರ ಆತ್ಮ, ಸ್ಮಶಾನದ ಶಕ್ತಿ ಎಲ್ಲ ಅವರ ದಿನದ ಬದುಕಿನ ಭಾಗ. ಹಾಗಾಗಿ ಆ ಕಥೆಗಳನ್ನು ಮೂಢನಂಬಿಕೆ ಎಂದು ಸುಮ್ನೆ ತಳ್ಳಿಹಾಕಲು ನನಗೆ ಮನಸ್ಸಿಲ್ಲ. ಕಿವುಡುತನಕ್ಕೂ ಒಂದು ದೇವರಿದೆ ಎಂದು ನಂಬುವ ಊರು ಕಿವುಡ ಮಗುವನ್ನು ಮನೆಯೊಳಗೆ ಬಚ್ಚಿಡುವುದಿಲ್ಲ.

ವಿಜ್ಞಾನದ ಉತ್ತರ 1990ರ ದಶಕದಲ್ಲಿ ಸಿಕ್ಕಿತು. ಆಗ ಸಂಶೋಧಕರು ಊರಿನ ವಂಶಾವಳಿ ಬರೆದು ರಕ್ತ ಪರೀಕ್ಷೆ ಮಾಡಿದರು. 2,185 ಜನರಲ್ಲಿ 47 ಜನ ಕಿವುಡರಿದ್ದರು. ಅಂದರೆ ನೂರಕ್ಕೆ ಎರಡಕ್ಕಿಂತ ತುಸು ಜಾಸ್ತಿ. ಸಾಮಾನ್ಯವಾಗಿ ಹುಟ್ಟುಕಿವುಡು ಇರುವುದು ಸಾವಿರಕ್ಕೆ ಒಂದೋ ಎರಡೋ ಮಕ್ಕಳಿಗೆ. ಇದಕ್ಕೆ ಕಾರಣವಾದ ಜೀನು 17ನೇ ಕ್ರೋಮೋಸೋಮಿನಲ್ಲಿದೆ ಎಂದು 1995ರಲ್ಲಿ ತಿಳಿಯಿತು. ಯಾವ ಜೀನು ಎಂಬುದು ಗೊತ್ತಾಗಿದ್ದು 1998ರಲ್ಲಿ, ಅದೂ ಒಂದು ಇಲಿಯ ಸಹಾಯದಿಂದ. ಪ್ರಯೋಗಾಲಯಗಳಲ್ಲಿ ‘ಶೇಕರ್-2’ ಎಂಬ ಇಲಿ ತಳಿ ಇದೆ. ಅದಕ್ಕೆ ಕಿವಿ ಕೇಳುವುದಿಲ್ಲ, ನಿಂತಲ್ಲೇ ಗಿರಕಿ ಹೊಡೆಯುತ್ತದೆ. ಆ ಇಲಿಯಲ್ಲಿ ಕೆಟ್ಟಿದ್ದ ಜೀನೇ ಬೆಂಕಾಲಾದ ಜನರಲ್ಲೂ ಬದಲಾಗಿತ್ತು. ಅದರ ಹೆಸರು ಮಯೊ-15-ಎ. ಅದೇ ಅಧ್ಯಯನದಲ್ಲಿ ಭಾರತದ ಎರಡು ಕುಟುಂಬಗಳಲ್ಲೂ ಇದೇ ಜೀನಿನ ದೋಷ ಕಂಡಿತು. ಅದು ಬೇರೆ ಜಾಗದಲ್ಲಿ ಆದ ಬದಲಾವಣೆ, ಫಲ ಮಾತ್ರ ಅದೇ.

ಒಳಗಿವಿಯಲ್ಲಿ ಸಣ್ಣ ಜೀವಕೋಶಗಳಿವೆ, ಅವುಗಳ ತಲೆಯ ಮೇಲೆ ಕೂದಲಿನಂಥ ಎಳೆಗಳಿವೆ. ಗಾಳಿಗೆ ಭತ್ತದ ಸಸಿಮಡಿ ಬಾಗುವ ಹಾಗೆ ಶಬ್ದದ ಕಂಪನಕ್ಕೆ ಈ ಎಳೆಗಳು ಬಾಗುತ್ತವೆ. ಆಗಲೇ ನರಕ್ಕೆ ಸಂದೇಶ ಹೋಗುವುದು, ನಮಗೆ ಕೇಳಿಸುವುದು. ಎಳೆ ಉದ್ದ ಬೆಳೆಯಲು ಬೇಕಾದ ಸಾಮಗ್ರಿಯನ್ನು ತುದಿಗೆ ಹೊತ್ತೊಯ್ಯುವ ಪ್ರೊಟೀನನ್ನು ಈ ಜೀನು ಮಾಡಿಸುತ್ತದೆ. ಜೀನು ಕೆಟ್ಟರೆ ಎಳೆ ಗಿಡ್ಡವಾಗಿಯೇ ಉಳಿಯುತ್ತದೆ, ಮಗು ಹುಟ್ಟಿನಿಂದಲೇ ಪೂರ್ತಿ ಕಿವುಡು. ಆದರೆ ಕಿವಿ ಬಿಟ್ಟು ಬೇರೇನೂ ತೊಂದರೆ ಇಲ್ಲ. ಬುದ್ಧಿ, ಆರೋಗ್ಯ, ಆಯಸ್ಸು ಎಲ್ಲ ಉಳಿದವರಂತೆಯೇ.

ಇನ್ನು ಈ ಜೀನು ಮನೆಯಿಂದ ಮನೆಗೆ ಹೋಗುವ ರೀತಿ. ಇದನ್ನು ಸ್ವಲ್ಪ ನಿಧಾನವಾಗಿ ನೋಡೋಣ, ಇಡೀ ಕಥೆ ನಿಂತಿರುವುದು ಇದರ ಮೇಲೆ. ಪ್ರತಿ ಜೀನಿಗೂ ನಮ್ಮಲ್ಲಿ ಎರಡು ಪ್ರತಿ ಇರುತ್ತವೆ, ಒಂದು ಅಪ್ಪನದು, ಒಂದು ಅಮ್ಮನದು. ಈ ಜೀನಿನ ಒಂದು ಪ್ರತಿ ಕೆಟ್ಟಿದ್ದರೆ ಏನೂ ಆಗುವುದಿಲ್ಲ, ಕಿವಿ ಚೆನ್ನಾಗಿಯೇ ಕೇಳುತ್ತದೆ. ಎರಡೂ ಕೆಟ್ಟಿದ್ದರೆ ಮಾತ್ರ ಕಿವುಡು. ಒಂದೊಂದು ಕೆಟ್ಟ ಪ್ರತಿ ಇರುವ ಗಂಡ ಹೆಂಡತಿಗೆ ಪ್ರತಿ ಸಲ ಮಗುವಾದಾಗಲೂ ಅದು ಕಿವುಡಾಗುವ ಸಾಧ್ಯತೆ ನಾಲ್ಕರಲ್ಲಿ ಒಂದು. ಬೆಂಕಾಲಾದ ಕಿವಿ ಕೇಳುವವರಲ್ಲಿ ನೂರಕ್ಕೆ ಸುಮಾರು 17 ಜನ ಹೀಗೆ ಒಂದು ಕೆಟ್ಟ ಪ್ರತಿ ಹೊತ್ತವರು ಎಂದು ಲೆಕ್ಕ ಹಾಕಿದ್ದಾರೆ. ಅಂದರೆ ಆರು ಜನಕ್ಕೆ ಒಬ್ಬರು. ಮದುವೆಗಳು ಬಹುಪಾಲು ಊರೊಳಗೇ ನಡೆಯುತ್ತಿದ್ದವು. ಹೀಗಾಗಿ ಯಾವ ಮನೆಯಲ್ಲಿ ಯಾವಾಗ ಕಿವುಡ ಮಗು ಹುಟ್ಟುತ್ತದೆ ಎಂದು ಯಾರೂ ಹೇಳುವ ಹಾಗಿರಲಿಲ್ಲ. ಅತ್ತ ತಲೆಮಾರುಗಳಿಂದ ಕಿವಿ ಕೇಳುವವರ ಮನೆಯಲ್ಲೇ ಹುಟ್ಟಬಹುದು. ಇತ್ತ ಕಿವುಡ ಅಪ್ಪನಿಗೂ ಈ ಕೆಟ್ಟ ಪ್ರತಿ ಇಲ್ಲದ ಅಮ್ಮನಿಗೂ ಹುಟ್ಟಿದ ಮಕ್ಕಳಿಗೆಲ್ಲ ಕಿವಿ ಕೇಳುತ್ತದೆ.

ನಮ್ಮಲ್ಲೂ ಸೋದರಮಾವ, ಅತ್ತೆ ಮಗ ಎಂದು ಹತ್ತಿರದ ಸಂಬಂಧದಲ್ಲೇ ಮದುವೆ ಮಾಡುವ ರೂಢಿ ಇದೆ, ಅಲ್ವಾ? ಒಬ್ಬ ಅಜ್ಜನಿಂದ ಬಂದ ಕೆಟ್ಟ ಪ್ರತಿ ಎರಡೂ ಕಡೆಯಿಂದ ಮಗುವಿಗೆ ಸೇರುವ ಸಾಧ್ಯತೆ ಅಲ್ಲೂ ಜಾಸ್ತಿ. ಲೆಕ್ಕ ಒಂದೇ.

ಈಗ ಮುಖ್ಯ ವಿಷಯಕ್ಕೆ ಬರುತ್ತೇನೆ. ಕಿವುಡುತನ ಯಾವುದೋ ಒಂದು ಮನೆಯ ಸಮಸ್ಯೆಯಾಗಿದ್ದರೆ ಆ ಮನೆಯವರಷ್ಟೇ ಒಂದಿಷ್ಟು ಸನ್ನೆ ಮಾಡಿಕೊಂಡು ಬದುಕುತ್ತಿದ್ದರು. ಲೋಕದ ಬಹುಪಾಲು ಊರುಗಳಲ್ಲಿ ಆಗುವುದು ಅದೇ. ಬೆಂಕಾಲಾದಲ್ಲಿ ಅದು ಊರೆಲ್ಲ ಹರಡಿತ್ತು. ಪ್ರತಿಯೊಬ್ಬರಿಗೂ ಒಬ್ಬ ಚಿಕ್ಕಪ್ಪನೋ ಅತ್ತೆಯೋ ಪಕ್ಕದ ಮನೆಯ ಗೆಳೆಯನೋ ಕಿವುಡರಿದ್ದರು. ಹಾಗಾಗಿ ಸನ್ನೆಯೂ ಊರೆಲ್ಲ ಹರಡಿತು. ಸುಮಾರು ಐದು ತಲೆಮಾರುಗಳಲ್ಲಿ ಅದು ಪೂರ್ಣ ಪ್ರಮಾಣದ ಭಾಷೆಯಾಗಿ ಬೆಳೆಯಿತು. ಅದರ ಹೆಸರು ಕಾತಾ ಕೊಲೊಕ್, ಅಂದರೆ ಕಿವುಡರ ಮಾತು. ಇಂಡೋನೇಷ್ಯಾದ ನಗರಗಳಲ್ಲಿ ಬಳಸುವ ಸನ್ನೆ ಭಾಷೆಗೂ ಇದಕ್ಕೂ ಸಂಬಂಧವಿಲ್ಲ. ಬಾಲಿ ಭಾಷೆಯನ್ನು ಕೈಯಲ್ಲಿ ಬರೆದು ತೋರಿಸುವ ಪದ್ಧತಿಯೂ ಇದಲ್ಲ. ಬೆರಳಲ್ಲಿ ಅಕ್ಷರ ಮಾಡುವ ರೂಢಿ ಇದರಲ್ಲಿ ಇರಲೇ ಇಲ್ಲ.

ಭಾಷೆ ಹೇಗಿದೆ ಎನ್ನುವುದಕ್ಕೆ ಒಂದು ಉದಾಹರಣೆ. ‘ಬೆಳಿಗ್ಗೆ ಒಂಬತ್ತಕ್ಕೆ ಬಾ’ ಎನ್ನಬೇಕು ಅಂದುಕೊಳ್ಳಿ. ಕಾತಾ ಕೊಲೊಕ್‌ನಲ್ಲಿ ತೋಳು ಚಾಚಿ ಪೂರ್ವದ ಆಕಾಶದಲ್ಲಿ, ನೆಲದಿಂದ ನೆತ್ತಿಗೆ ಅರ್ಧ ದಾರಿಯಲ್ಲಿ, ಬೆರಳು ತೋರಿಸುತ್ತಾರೆ. ಒಂಬತ್ತಕ್ಕೆ ಸೂರ್ಯ ಇರುವುದು ಅಲ್ಲೇ. ನೆತ್ತಿ ತೋರಿಸಿದರೆ ನಡು ಮಧ್ಯಾಹ್ನ, ಪಶ್ಚಿಮದ ಅಂಚು ತೋರಿಸಿದರೆ ಸಂಜೆ ಆರು. ಬಾಲಿ ಇರುವುದು ಭೂಮಧ್ಯರೇಖೆಗೆ ಹತ್ತಿರ, ಎಂಟು ಡಿಗ್ರಿ ದಕ್ಷಿಣಕ್ಕೆ. ವರ್ಷವಿಡೀ ಹಗಲು ಇರುಳು ಹೆಚ್ಚುಕಡಿಮೆ ಸಮ. ಹಾಗಾಗಿ ಈ ಗಡಿಯಾರ ಎಲ್ಲ ತಿಂಗಳೂ ನಡೆಯುತ್ತದೆ.

ಇದಕ್ಕೆ ದಿಕ್ಕಿನ ಅರಿವು ಗಟ್ಟಿಯಾಗಿರಬೇಕು. ಅದು ಅವರಿಗಿದೆ. ಯಾರ ಮನೆಯ ಬಗ್ಗೆ ಮಾತಾಡಿದರೂ ಆ ಮನೆ ನಿಜವಾಗಿ ಇರುವ ಕಡೆಗೇ ಬೆರಳು ಹೋಗುತ್ತದೆ. ತಾವು ಕೋಣೆಯೊಳಗೆ ಕೂತಿರಲಿ, ಯಾವ ಕಡೆಗಾದರೂ ಮುಖ ಮಾಡಿರಲಿ. ಎಡಕ್ಕೆ ಬಲಕ್ಕೆ ಎನ್ನುವ ಲೆಕ್ಕ ಅವರಿಗೆ ಅಷ್ಟಾಗಿ ಬೇಕಿಲ್ಲ. ಇದು ಬಾಲಿಯವರ ಒಟ್ಟು ಬದುಕಿನ ಗುಣವೇ. ಅವರು ‘ಕಾಜಾ’ ಎಂದರೆ ಬೆಟ್ಟದ ಕಡೆ, ‘ಕೆಲೊಡ್’ ಎಂದರೆ ಕಡಲ ಕಡೆ. ಮನೆಯಲ್ಲಿ ದೇವರ ಗುಡಿ ಎಲ್ಲಿರಬೇಕು ಎಂಬುದೂ ಅದರ ಮೇಲೇ ನಿರ್ಧಾರ. ದಕ್ಷಿಣ ಬಾಲಿಯಲ್ಲಿ ಕಾಜಾ ಅಂದರೆ ಉತ್ತರ, ಬೆಂಕಾಲಾದಲ್ಲಿ ದಕ್ಷಿಣ, ಯಾಕೆಂದರೆ ಬೆಟ್ಟ ನಡುವೆ ಇದೆ. ನಮ್ಮ ಕರಾವಳಿಯಲ್ಲಿ ಮೂಡು, ಪಡು, ತೆಂಕು, ಬಡಗು ಎಂದು ದಿಕ್ಕು ಹಿಡಿದೇ ಮಾತಾಡುವವರಿಗೆ ಇದು ತಟ್ಟನೆ ಅರ್ಥವಾಗುತ್ತದೆ.

ಬಣ್ಣಗಳಿಗೆ ಇರುವುದು ನಾಲ್ಕೇ ಸನ್ನೆ. ಕಪ್ಪು, ಬಿಳಿ, ಕೆಂಪು, ಮತ್ತು ನೀಲಿ ಹಸಿರು ಎರಡಕ್ಕೂ ಸೇರಿ ಒಂದು. ಬೇರೆ ಬಣ್ಣ ಹೇಳಬೇಕಾದರೆ ಆ ಬಣ್ಣದ ವಸ್ತುವನ್ನು ಸುತ್ತಮುತ್ತ ಹುಡುಕಿ ತೋರಿಸುತ್ತಾರೆ. ಎಲ್ಲರೂ ಒಂದೇ ಊರಲ್ಲಿ, ಒಬ್ಬರನ್ನೊಬ್ಬರು ಬಲ್ಲವರು. ಅಷ್ಟೇ ಸಾಕಾಗಿದೆ.

ಕಿವುಡರ ಬದುಕು ಹೇಗೆ ಎಂದು ಕೇಳಿದರೆ, ಊರಿನ ಕೆಲಸಗಳಲ್ಲಿ ಅವರಿಗೆ ಜಾಗವಿದೆ. ಹೆಣ ಹೂಳಲು ಗುಂಡಿ ತೋಡುವ ಕೆಲಸ ಅಲ್ಲಿ ಕಿವುಡ ಗಂಡಸರದ್ದು. ಊರಿನ ನೀರಿನ ಪೈಪು ನೋಡಿಕೊಳ್ಳುವುದರಲ್ಲೂ ಅವರದೇ ಕೈ. ಕಿವುಡರು ಕಿವಿ ಕೇಳುವವರನ್ನು ಮದುವೆಯಾಗುತ್ತಾರೆ, ಕಿವುಡರನ್ನೂ ಆಗುತ್ತಾರೆ. 1960ರ ದಶಕದಲ್ಲಿ ‘ಜಂಗೆರ್ ಕೊಲೊಕ್’ ಎಂಬ ನೃತ್ಯ ಶುರುವಾಯಿತು. ಜಂಗೆರ್ ಎಂಬುದು ಹುಡುಗ ಹುಡುಗಿಯರು ಹಾಡುತ್ತಾ ಕುಣಿಯುವ ಬಾಲಿಯ ಕುಣಿತ. ಅದನ್ನು ಇಲ್ಲಿ ಕಿವುಡರೇ ಕುಣಿಯುತ್ತಾರೆ, ಕಣ್ಣಳತೆಯಲ್ಲೇ ಹೆಜ್ಜೆ ಹೊಂದಿಸಿಕೊಳ್ಳುತ್ತಾರೆ.

ಹಾಗಂತ ಇದನ್ನು ಸ್ವರ್ಗ ಎಂದು ಬಣ್ಣಿಸುವುದು ತಪ್ಪು. ಭಾಷೆ ಇದ್ದ ಮಾತ್ರಕ್ಕೆ ಹೊಟ್ಟೆ ತುಂಬುವುದಿಲ್ಲ. ಕಿವುಡರಲ್ಲಿ ಹೆಚ್ಚಿನವರು ದಿನಗೂಲಿಯ ಮೇಲೆ ಬದುಕಿದವರು. ಶಾಲೆಯ ಬಾಗಿಲಂತೂ ತುಂಬಾ ತಡವಾಗಿ ತೆರೆಯಿತು. 2007ರಲ್ಲಿ ಊರಿನ ಪ್ರಾಥಮಿಕ ಶಾಲೆಯಲ್ಲಿ ಕಿವುಡ ಮಕ್ಕಳು ಉಳಿದ ಮಕ್ಕಳ ಜೊತೆ ಕೂತು ಕಾತಾ ಕೊಲೊಕ್‌ನಲ್ಲೇ ಪಾಠ ಕಲಿಯುವ ವ್ಯವಸ್ಥೆ ಬಂತು. ಅದಕ್ಕೆ ಮುಂಚೆ ಹುಟ್ಟಿದ ಬಹಳ ಜನರಿಗೆ ಓದು ಬರಹ ಸಿಗಲೇ ಇಲ್ಲ. ಇಷ್ಟು ಒಳ್ಳೆಯ ಭಾಷೆ ಬಲ್ಲ ಜನ, ಒಂದು ಅರ್ಜಿ ಓದಲು ಇನ್ನೊಬ್ಬರನ್ನು ಕಾಯಬೇಕಾದ ಸ್ಥಿತಿ. ಇದು ನನಗೆ ತುಂಬಾ ನೋವು ಕೊಡುವ ಸಂಗತಿ.

ಆ ಭಾಷೆಗೂ ಈಗ ಕಷ್ಟ ಬಂದಿದೆ. ಮುಂದೆ ಓದಲು ಹೋಗುವ ಕಿವುಡ ಮಕ್ಕಳು ದಕ್ಷಿಣದ ಜಿಂಬರಾನ್‌ನಲ್ಲಿರುವ ಕಿವುಡರ ವಸತಿ ಶಾಲೆ ಸೇರುತ್ತಾರೆ. ಅಲ್ಲಿ ಇಂಡೋನೇಷ್ಯಾದ ಸನ್ನೆ ಭಾಷೆ ಕಲಿಯುತ್ತಾರೆ. ಹೊರಗಿನ ಕಿವುಡರ ಗೆಳೆತನ ಆಗುತ್ತದೆ, ಮದುವೆಯೂ ಆಗುತ್ತದೆ. ಹೊರಗಿನವರ ಕಿವುಡುತನಕ್ಕೆ ಕಾರಣ ಬೇರೆ ಇದ್ದರೆ ಮಕ್ಕಳಿಗೆ ಕಿವಿ ಕೇಳುತ್ತದೆ. ಕೆಲಸ ಹುಡುಕಿ ಊರು ಬಿಡುವವರೂ ಜಾಸ್ತಿ. ಹೀಗೆ ಹುಟ್ಟುಕಿವುಡ ಮಕ್ಕಳು ಕಡಿಮೆಯಾದಂತೆ ಸನ್ನೆ ಕಲಿಯುವ ಅಗತ್ಯವೂ ಕಡಿಮೆಯಾಗುತ್ತಿದೆ. ಯುವಕರಿಗೆ ಓದು, ಸಂಬಳ, ದೊಡ್ಡ ಕಿವುಡ ಸಮಾಜ ಸಿಗುತ್ತಿರುವುದು ಒಳ್ಳೆಯದೇ. ಅವರನ್ನು ಭಾಷೆ ಉಳಿಸಲು ಊರಲ್ಲೇ ಇರಿ ಎಂದು ಹೇಳುವ ಹಕ್ಕು ಯಾರಿಗೂ ಇಲ್ಲ. ಭಾಷಾ ತಜ್ಞರು ಹಿರಿಯರ ಮಾತುಕತೆಯನ್ನು ವಿಡಿಯೊದಲ್ಲಿ ಹಿಡಿದಿಟ್ಟಿದ್ದಾರೆ, ಅದೊಂದು ಸಮಾಧಾನ.

ಇಂಥ ಊರು ನೋಡಲು ಬಾಲಿಗೇ ಹೋಗಬೇಕಿಲ್ಲ ಎನ್ನುವುದು ನಮ್ಮಲ್ಲಿ ಅನೇಕರಿಗೆ ಗೊತ್ತಿಲ್ಲ. ಚಿಕ್ಕಬಳ್ಳಾಪುರ ಜಿಲ್ಲೆಯ ಗೌರಿಬಿದನೂರು ತಾಲ್ಲೂಕಿನಲ್ಲಿ ಅಲಿಪುರ ಎಂಬ ಊರಿದೆ. ಶಿಯಾ ಮುಸ್ಲಿಮರು ಹೆಚ್ಚಾಗಿರುವ ಊರು, ಹರಳಿನ ವ್ಯಾಪಾರಕ್ಕೆ ಹೆಸರಾದದ್ದು. ಸಮುದಾಯದೊಳಗೇ ಮದುವೆಗಳಾಗುವುದರಿಂದ ಅಲ್ಲೂ ಹುಟ್ಟುಕಿವುಡರು ನೂರಕ್ಕೂ ಹೆಚ್ಚು ಜನ. ಅಲ್ಲೂ ಊರಿನದೇ ಒಂದು ಸನ್ನೆ ಭಾಷೆ ಬೆಳೆದಿದೆ, ಕಿವಿ ಕೇಳುವವರಲ್ಲಿ ತುಂಬಾ ಜನ ಅದನ್ನು ಬಲ್ಲರು. ಭಾಷಾ ವಿಜ್ಞಾನದ ಪುಸ್ತಕಗಳಲ್ಲಿ ಬೆಂಕಾಲಾ ಮತ್ತು ಅಲಿಪುರ ಅಕ್ಕಪಕ್ಕದಲ್ಲೇ ಇವೆ. ನಗರದ ಭಾರತೀಯ ಸನ್ನೆ ಭಾಷೆ ಬಂದ ಮೇಲೆ ಅಲಿಪುರದ್ದೂ ಬದಲಾಗುತ್ತಿದೆ. ಬೆಂಗಳೂರಿನಿಂದ ಎರಡು ಗಂಟೆಯ ದಾರಿಯಲ್ಲಿ ಹುಟ್ಟಿ ಬೆಳೆದ ಭಾಷೆ ಇದು. ಕನ್ನಡ ನಾಡಿನ ಭಾಷೆಗಳ ಪಟ್ಟಿ ಹೇಳುವಾಗ ಇದನ್ನೂ ಸೇರಿಸಬೇಕು ಎಂಬುದು ನನ್ನ ಗಟ್ಟಿ ಅಭಿಪ್ರಾಯ.

ಕೊನೆಗೆ, ಬೆಂಕಾಲಾಗೆ ಹೋಗಬಹುದಾ ಎಂದು ಕೇಳುವವರಿಗೆ: ಹೋಗಬಹುದು. ಸಿಂಗರಾಜದಿಂದ ವಾಹನ ಮಾಡಿಕೊಂಡರೆ ಸಲೀಸು. ಪ್ರವಾಸಿಗರು ಬರುವುದು, ಜಂಗೆರ್ ಕೊಲೊಕ್ ಪ್ರದರ್ಶನ ಕೇಳುವುದು ಅವರಿಗೆ ಹೊಸದಲ್ಲ. ಆದರೆ ಮೊದಲೇ ಊರಿನ ಕಚೇರಿಗೆ ತಿಳಿಸಿ ಹೋಗಿ. ಕಲಾವಿದರಿಗೆ ಸಂಭಾವನೆ ಎಷ್ಟು ಎಂದು ಕೇಳಿ, ಅವರ ಕೈಗೇ ಕೊಡಿ. ಮುಖದ ಮುಂದೆ ಕ್ಯಾಮೆರಾ ಹಿಡಿಯುವ ಮುಂಚೆ ಒಪ್ಪಿಗೆ ಪಡೆಯಿರಿ. ಭಾಷೆ ಬರದೆ ಹೇಗೆ ಕೇಳುವುದು ಎಂದು ಹಿಂಜರಿಯಬೇಡಿ. ಕ್ಯಾಮೆರಾ ತೋರಿಸಿ, ಕಣ್ಣಲ್ಲಿ ಕಣ್ಣಿಟ್ಟು, ಕೈಯಲ್ಲಿ ಕೇಳಿ. ಅರ್ಥ ಮಾಡಿಕೊಳ್ಳುವುದರಲ್ಲಿ ಅವರು ನಮಗಿಂತ ಬಹಳ ಮುಂದಿದ್ದಾರೆ.