ಬಾಲದ ಮೂಳೆ ಕೆಳಕ್ಕೆ ಬಾಗಲಿ: ಇಕ್ತಿಯೋಸಾರ್ ಚಿತ್ರ ಬಿಡಿಸೋಣ

ಪೆನ್ಸಿಲ್ ಹಿಡಿಯುವ ಮುಂಚೆ ಒಂದು ವಿಷಯ ತಲೆಯಲ್ಲಿರಲಿ. ಇಕ್ತಿಯೋಸಾರ್ ಡೈನೋಸಾರ್ ಅಲ್ಲ, ಮೀನೂ ಅಲ್ಲ. ಅದರ ಪೂರ್ವಜರು ನೆಲದ ಮೇಲೆ ನಾಲ್ಕು ಕಾಲಲ್ಲಿ ಓಡಾಡಿಕೊಂಡಿದ್ದ ಸರೀಸೃಪಗಳು. ಸುಮಾರು 25 ಕೋಟಿ ವರ್ಷಗಳ ಹಿಂದೆ ಆ ವಂಶ ಕಡಲಿಗೆ ಇಳಿಯಿತು. ಆಮೇಲೆ ನೀರೇ ಅದರ ಮನೆ. ಇಷ್ಟು ಗೊತ್ತಿದ್ದರೆ ಕತ್ತಿನ ಬಳಿ ಕಿವಿರು ಬರೆಯಲು ನಿಮ್ಮ ಕೈ ಹೋಗುವುದಿಲ್ಲ. ಅದು ಉಸಿರಾಡಲು ನೀರಿನ ಮೇಲಕ್ಕೆ ಬರಲೇಬೇಕಿತ್ತು. ಮೂಗಿನ ಹೊಳ್ಳೆ ಮೂತಿಯ ತುದಿಯಲ್ಲಿರಲಿಲ್ಲ, ಕಣ್ಣಿನ ಮುಂದೆಯೇ ಇತ್ತು. ಅಲ್ಲೊಂದು ಸಣ್ಣ ಸೀಳು ಎಳೆದರೆ ಸಾಕು.

ಹೊಸಬರಿಗೆ ನಾನು ಹೇಳುವುದು ಸ್ಟೆನೊಪ್ಟೆರಿಜಿಯಸ್ ಎಂಬ ಜಾತಿಯನ್ನು. ಸುಮಾರು 18 ಕೋಟಿ ವರ್ಷಗಳ ಹಿಂದೆ ಬದುಕಿದ್ದ ಪ್ರಾಣಿ ಇದು. ಜರ್ಮನಿಯ ಹೋಲ್ಟ್ಸ್‌ಮಾಡೆನ್ ಊರಿನ ಕಪ್ಪು ಕಲ್ಲಿನ ಪದರಗಳಲ್ಲಿ ಇದರ ಅಸ್ಥಿಪಂಜರಗಳು ಬೇಕಾದಷ್ಟು ಸಿಕ್ಕಿವೆ. ಕೆಲವದರಲ್ಲಿ ಮೂಳೆಯ ಸುತ್ತ ಚರ್ಮದ ಅಚ್ಚೂ ಉಳಿದಿದೆ. ಹಾಗಾಗಿ ಇಲ್ಲಿ ಊಹೆ ಕಡಿಮೆ.

ಮೊದಲು ಹಗುರವಾಗಿ, ಅಡ್ಡಲಾಗಿ ಮಲಗಿದ ನೀರಿನ ಹನಿಯ ಆಕಾರ ಬರೆಯಿರಿ. ದಪ್ಪ ಭಾಗ ಎದೆಯ ಹತ್ತಿರ ಇರಲಿ, ಹಿಂದಕ್ಕೆ ಹೋದಂತೆ ಸಣ್ಣದಾಗಲಿ. ಮುಂದೆ ಉದ್ದನೆಯ ತೆಳು ಮೂತಿ. ಕತ್ತು ಎಂದು ಬೇರೆಯಾಗಿ ಕಾಣಬಾರದು. ನೀರನ್ನು ಸೀಳಿಕೊಂಡು ಜೋರಾಗಿ ಈಜುವ ಮೈಗೆ ಈ ಆಕಾರ ತುಂಬ ಒಗ್ಗುತ್ತದೆ. ಡಾಲ್ಫಿನ್, ಟ್ಯೂನಾ ಮೀನುಗಳ ಮೈಯೂ ಹೀಗೇ ಇದೆ ಅಲ್ವಾ? ಮೂರೂ ಬೇರೆ ಬೇರೆ ವಂಶ, ನೀರು ಮಾತ್ರ ಒಂದೇ.

ಈಗ ಬಾಲ. ನನಗೆ ಈ ಪ್ರಾಣಿಯಲ್ಲಿ ಎಲ್ಲಕ್ಕಿಂತ ಇಷ್ಟವಾದದ್ದು ಇದೇ. ಹನಿಯ ನಡುವೆ ಮೂತಿಯಿಂದ ಹಿಂದಕ್ಕೆ ಒಂದು ತೆಳು ಗೆರೆ ಎಳೆಯಿರಿ, ಅದು ಬೆನ್ನುಮೂಳೆ. ಮೈ ಸಣ್ಣದಾಗುವ ಕಡೆ ಆ ಗೆರೆಯನ್ನು ತಟ್ಟನೆ ಕೆಳಕ್ಕೆ ಬಾಗಿಸಿ. ಶಾರ್ಕ್‌ನಲ್ಲಿ ಬೆನ್ನುಮೂಳೆ ಬಾಲದ ಮೇಲಿನ ಎಸಳಿಗೆ ಏರುತ್ತದೆ. ಇಕ್ತಿಯೋಸಾರ್‌ನಲ್ಲಿ ಪೂರ್ತಿ ಉಲ್ಟಾ, ಮೂಳೆ ಕೆಳಗಿನ ಎಸಳಿಗೆ ಇಳಿಯುತ್ತದೆ. ಮೇಲಿನ ಎಸಳಿನಲ್ಲಿ ಮೂಳೆಯೇ ಇಲ್ಲ.

ಈ ಬಾಗು ವಿಜ್ಞಾನಿಗಳನ್ನು ಬಹಳ ಕಾಲ ಕಾಡಿತು. ಇಂಗ್ಲೆಂಡಿನ ಲೈಮ್ ರೀಜಿಸ್‌ನಲ್ಲಿ ಮೇರಿ ಆ್ಯನಿಂಗ್ ಮತ್ತು ಅವಳ ಅಣ್ಣ 1811-12ರಲ್ಲಿ ಇಕ್ತಿಯೋಸಾರ್ ಪಳೆಯುಳಿಕೆಯನ್ನು ಹುಡುಕಿದ್ದರು. ಆಗಿನ್ನೂ ಅವಳು 12-13 ವರ್ಷದ ಹುಡುಗಿ. ಅವಳು ಹುಡುಕಿದ ಮೂಳೆಗಳನ್ನು ನೋಡಿ 1830ರಲ್ಲಿ ಭೂವಿಜ್ಞಾನಿ ಹೆನ್ರಿ ಡಿ ಲಾ ಬೆಶ್ ಹಳೆಯ ಕಡಲಿನ ಚಿತ್ರ ಬರೆದರು. ಅದರಲ್ಲಿ ಬಾಲಕ್ಕೆ ಈ ಎರಡು ಎಸಳಿನ ರೆಕ್ಕೆ ಇಲ್ಲ. ಆ ದಶಕದ ಕೊನೆಯ ಹೊತ್ತಿಗೆ ಇಂಗ್ಲೆಂಡಿನ ಪ್ರಾಣಿವಿಜ್ಞಾನಿ ರಿಚರ್ಡ್ ಓವೆನ್ ಬಾಲ ಬಾಗಿರುವುದನ್ನು ಗಮನಿಸಿ, ಅಲ್ಲಿ ರೆಕ್ಕೆ ಇದ್ದಿರಬೇಕು ಎಂದರು. ಆದರೆ ಸತ್ತ ಮೇಲೆ ಮೂಳೆ ಜಾರಿ ಹಾಗಾಗಿದೆ ಎಂದು ಅವರು ತಿಳಿದಿದ್ದರು. ಬದುಕಿದ್ದಾಗಲೇ ಬಾಲ ಹಾಗಿತ್ತು ಎನ್ನುವುದು ಸ್ಪಷ್ಟವಾದದ್ದು 1890ರ ದಶಕದಲ್ಲಿ, ಹೋಲ್ಟ್ಸ್‌ಮಾಡೆನ್‌ನ ಚರ್ಮದ ಅಚ್ಚುಗಳಿಂದ. ಬೆನ್ನಿನ ಮೇಲಿನ ತ್ರಿಕೋನದ ರೆಕ್ಕೆ ಕಂಡದ್ದೂ ಆಗಲೇ. ಅದರೊಳಗೂ ಮೂಳೆ ಇಲ್ಲ. ಬರೀ ಅಸ್ಥಿಪಂಜರ ನೋಡಿದವರಿಗೆ ಅದು ಗೊತ್ತಾಗುವುದು ಹೇಗೆ?

ಆದ್ದರಿಂದ ಕೆಳಕ್ಕೆ ಬಾಗಿದ ಗೆರೆಯ ಸುತ್ತ ಕೆಳಗಿನ ಎಸಳು ಬರೆಯಿರಿ, ಅದಕ್ಕೆ ಸರಿಜೋಡಿಯಾಗಿ ಮೇಲಿನದು. ಅರ್ಧಚಂದ್ರದಂತೆ, ನೆಟ್ಟಗೆ ನಿಂತಿರಲಿ. ಡಾಲ್ಫಿನ್ ಬಾಲದಂತೆ ಅಡ್ಡ ಮಲಗಿಸಬೇಡಿ. ಇಕ್ತಿಯೋಸಾರ್ ಬಾಲ ಬೀಸುತ್ತಿದ್ದದ್ದು ಎಡಕ್ಕೆ ಬಲಕ್ಕೆ.

ಈಜುಗಾಲು ನಾಲ್ಕು. ಹಿಂದಿನ ಜೋಡಿ ಚಿಕ್ಕದು. ಒಳಗೆ ಬೆರಳಿನ ಸಣ್ಣ ಸಣ್ಣ ಮೂಳೆಗಳು ಒತ್ತೊತ್ತಾಗಿ ಕೂತಿರುತ್ತವೆ, ಹೊರಗೆ ಮಾತ್ರ ನುಣ್ಣಗಿನ ಅಂಚು. ಉಗುರು ಬೇಡ.

ಕಣ್ಣು ದೊಡ್ಡದಾಗಿರಲಿ. ಟೆಮ್ನೊಡೊಂಟೊಸಾರಸ್ ಎಂಬ ಇನ್ನೊಂದು ಇಕ್ತಿಯೋಸಾರ್‌ನ ಕಣ್ಣಿನ ಅಗಲ ಸುಮಾರು 25 ಸೆಂಟಿಮೀಟರ್! ನಿಮ್ಮ ಎರಡು ಅಂಗೈ ಪಕ್ಕಪಕ್ಕ ಇಟ್ಟರೂ ಮುಚ್ಚುವುದು ಕಷ್ಟ. ಪಳೆಯುಳಿಕೆಯಲ್ಲಿ ಕಣ್ಣಿನ ಜಾಗದಲ್ಲಿ ತೆಳು ಮೂಳೆಯ ಬಿಲ್ಲೆಗಳು ಹೂವಿನ ದಳದಂತೆ ಸುತ್ತ ಜೋಡಿಸಿಕೊಂಡಿರುತ್ತವೆ. ಲಂಡನ್ನಿನ ಕ್ರಿಸ್ಟಲ್ ಪ್ಯಾಲೇಸ್ ಉದ್ಯಾನದಲ್ಲಿ 1854ರಲ್ಲಿ ನಿಲ್ಲಿಸಿದ ಶಿಲ್ಪಗಳಲ್ಲಿ ಈ ಬಿಲ್ಲೆಗಳು ಹೊರಗೇ ಕಾಣುತ್ತವೆ. ನಿಜವಾಗಿ ಅವು ಕಣ್ಣುಗುಡ್ಡೆಯ ಒಳಗೆ, ಅದರ ಆಕಾರ ಕೆಡದಂತೆ ಹಿಡಿದಿದ್ದವು. ಹಾಗಾಗಿ ದಳಗಳನ್ನು ಬರೆಯಬೇಡಿ. ಕಪ್ಪು ಗುಂಡು, ಅದರಲ್ಲಿ ಬೆಳಕಿನ ಒಂದು ಚುಕ್ಕಿ.

ಈಗ ಒಳಗಿನ ಗೆರೆಗಳನ್ನು ಅಳಿಸಿ. ಮೈಗೆ ಹುರುಪೆ ಬೇಡ, ಪಕ್ಕೆಲುಬು ಎದ್ದು ಕಾಣುವುದೂ ಬೇಡ. 2018ರಲ್ಲಿ ಒಂದು ಸ್ಟೆನೊಪ್ಟೆರಿಜಿಯಸ್‌ನ ಚರ್ಮವನ್ನು ಪರೀಕ್ಷಿಸಿದಾಗ ನುಣುಪಾದ ಮೈ, ಅದರ ಕೆಳಗೆ ತಿಮಿಂಗಿಲಕ್ಕೆ ಇರುವಂಥ ಕೊಬ್ಬಿನ ಪದರ ಕಂಡಿತು. ಬಣ್ಣದ ಸುಳಿವೂ ಸಿಕ್ಕಿತು. ಬೆನ್ನು ಗಾಢ, ಹೊಟ್ಟೆ ತಿಳಿ. ಪೆನ್ಸಿಲನ್ನು ಓರೆ ಹಿಡಿದು ಬೆನ್ನಿನ ಮೇಲೆ ಜಾಸ್ತಿ ಒತ್ತಿ ಉಜ್ಜಿ, ಪಕ್ಕಕ್ಕೆ ಬಂದಂತೆ ಕೈ ಹಗುರ ಮಾಡಿ, ಹೊಟ್ಟೆಯನ್ನು ಕಾಗದದ ಬಿಳಿಗೇ ಬಿಡಿ.

ಪಕ್ಕದಲ್ಲಿ ಜಾಗ ಉಳಿದಿದ್ದರೆ ಒಂದು ಮರಿಯನ್ನೂ ಸೇರಿಸಿ. ಇವು ಮೊಟ್ಟೆ ಇಡುತ್ತಿರಲಿಲ್ಲ, ಮರಿ ಹಾಕುತ್ತಿದ್ದವು. ಹೊಟ್ಟೆಯಲ್ಲಿ ಮರಿಗಳಿರುವಾಗಲೇ ಕಲ್ಲಾದ ತಾಯಂದಿರು ಹೋಲ್ಟ್ಸ್‌ಮಾಡೆನ್‌ನಲ್ಲಿ ಎಷ್ಟೋ ಸಿಕ್ಕಿವೆ. ಮರಿಯ ತಲೆ ಅದರ ಮೈಗೆ ಹೋಲಿಸಿದರೆ ಸ್ವಲ್ಪ ದೊಡ್ಡದೆನಿಸುವಂತೆ ಬರೆಯಿರಿ, ಮೂತಿಯನ್ನು ಮೇಲಕ್ಕೆ ತಿರುಗಿಸಿ. ಹುಟ್ಟಿದ ಕೂಡಲೇ ಅದು ಮೇಲೆ ಹೋಗಿ ಮೊದಲ ಉಸಿರು ಎಳೆದುಕೊಳ್ಳಬೇಕು.