ತಿಂದುಬಿಟ್ಟವನು ಏನನ್ನು ಬಿಟ್ಟ?

ದಾವಣಗೆರೆಯಲ್ಲಿ ಸ್ಪರ್ಧಾತ್ಮಕ ಪರೀಕ್ಷೆಗಳಿಗೆ ಇಂಗ್ಲಿಷ್ ಹೇಳಿಕೊಡುವ ನನ್ನ ಬಳಿಗೆ ಬರುವ ಅನೇಕರ ಕೈಯಲ್ಲಿ ಒಂದೇ ಬಗೆಯ ನೋಟ್‌ಬುಕ್ ಇರುತ್ತದೆ: ಎಡಗಡೆ ಫ್ರೇಸಲ್ ವರ್ಬ್ (ಕ್ರಿಯಾಪದಕ್ಕೆ ‘ಅಪ್’, ‘ಆಫ್’ನಂಥ ಪುಟ್ಟ ಪದ ಸೇರಿ ಬೇರೆ ಅರ್ಥ ಕೊಡುವ ಜೋಡಿ), ಬಲಗಡೆ ಕನ್ನಡದ ಅರ್ಥ, ನಡುವೆ ಸ್ಕೇಲಿಟ್ಟು ಎಳೆದ ಗೆರೆ. ಬಾಯಿಪಾಠದ ಬಗ್ಗೆ ನನ್ನ ತಕರಾರಿಲ್ಲ. ಆದರೆ ‘ಅಪ್’ ಎಂದರೆ ಮೇಲೆ, ‘ಆಫ್’ ಎಂದರೆ ಬಂದ್ ಎಂದು ಮೊದಲೇ ತೀರ್ಮಾನಿಸಿಕೊಂಡು ಬಂದವರಿಗೆ ಆ ಪಟ್ಟಿ ಎಷ್ಟು ಉದ್ದವಾದರೂ ಸಾಲದು.

ಈಚೆಗೆ ಒಬ್ಬ ವಿದ್ಯಾರ್ಥಿನಿ ‘ದಿ ಅಲಾರಂ ವೆಂಟ್ ಆಫ್’ ಎಂಬುದನ್ನು ‘ಅಲಾರಂ ಆಫ್ ಆಯಿತು’ ಎಂದು ಬರೆದು, ‘ಅದಕ್ಕೇ ಅವನು ಏಳಲಿಲ್ಲ ಸರ್’ ಎಂದು ಕಾರಣವನ್ನೂ ಒದಗಿಸಿದಳು. ಅಲಾರಂ ಹೊಡೆಯಿತು ಎಂಬುದು ಅದರ ಅರ್ಥ. ಬಾಂಬು ಸಿಡಿಯುವುದಕ್ಕೂ ಬಂದೂಕು ಹಾರುವುದಕ್ಕೂ ಇದೇ ‘ಗೋ ಆಫ್’. ಕರೆಂಟು ಹೋದಾಗ ದೀಪವೂ ‘ಗೋ ಆಫ್’ ಆಗುವುದರಿಂದ ಅವಳನ್ನು ಪೂರ್ತಿ ದೂರಲಾರೆ.

ನನ್ನ ತಾಳ್ಮೆ ಕೆಡುವುದು ‘ಅಪ್’ ವಿಷಯದಲ್ಲಿ. ‘ಈಟ್ ಅಪ್’ ಎಂದರೆ ಮೇಲೆ ತಿನ್ನುವುದೇ ಎಂದು ಕೇಳುವವರಿಗೆ ನಾನು ತಿರುಗಿ ಕೇಳುತ್ತೇನೆ: ಮನೆಯಲ್ಲಿ ಅಮ್ಮ ‘ಮೂರು ಬೆಣ್ಣೆದೋಸೆ ತಿಂದುಬಿಟ್ಟ’ ಎಂದಾಗ ನೀನು ಏನನ್ನು ಬಿಟ್ಟಿದ್ದೆ? ತಟ್ಟೆಯಲ್ಲಿ ಚಟ್ನಿಯೂ ಉಳಿದಿರಲಿಕ್ಕಿಲ್ಲ. ಅಲ್ಲಿ ‘ಬಿಡು’ ತನ್ನ ಸ್ವಂತ ಅರ್ಥವನ್ನು ಕಳಚಿಟ್ಟು, ಕೆಲಸ ಪೂರ್ತಿಯಾಯಿತು ಎಂಬುದನ್ನಷ್ಟೇ ಹೇಳುತ್ತದೆ. ‘ಈಟ್ ಅಪ್’ನ ‘ಅಪ್’ ಮಾಡುವುದೂ ಇದನ್ನೇ. ಕಾಗದ ಹರಿದರೆ ಒಂದು ಅಂಚು ಹರಿದಿರಬಹುದು, ಹರಿದುಹಾಕಿದರೆ ಚೂರುಚೂರು. ‘ಟೇರ್’ ಮತ್ತು ‘ಟೇರ್ ಅಪ್’ ನಡುವಿನ ಅಂತರವೂ ಅಷ್ಟೇ. ‘ಡ್ರಿಂಕ್ ಅಪ್’ ಎಂದರೆ ಲೋಟ ಖಾಲಿಯಾಗಬೇಕು, ‘ಯೂಸ್ ಅಪ್’ ಎಂದರೆ ಏನೂ ಮಿಗಬಾರದು. ಕಾಗದ ‘ಬರ್ನ್ ಅಪ್’ ಆದರೆ ಮನೆ ‘ಬರ್ನ್ ಡೌನ್’ ಆಗುತ್ತದೆ. ಮೇಲೋ ಕೆಳಗೋ, ಎರಡರಲ್ಲೂ ಉಳಿಯುವುದು ಬೂದಿಯೇ.

ಹಾಗೆಂದು ‘ಅಪ್’ ಕಂಡಲ್ಲೆಲ್ಲ ‘ಬಿಡು’ ಅಂಟಿಸಬಾರದು. ಡಿಕ್ಷನರಿಯಲ್ಲಿ ಪದ ಹುಡುಕುವ ‘ಲುಕ್ ಅಪ್’ ಈ ಲೆಕ್ಕಕ್ಕೆ ಸುಲಭವಾಗಿ ಬರುವುದಿಲ್ಲ, ಕನ್ನಡದ ‘ಬಿದ್ದುಬಿಟ್ಟ’ಕ್ಕೆ ಇಂಗ್ಲಿಷಿನಲ್ಲಿ ‘ಅಪ್’ ಹೊಂದುವುದಿಲ್ಲ. ಅಂಥವನ್ನು ವಾಕ್ಯದ ಸಮೇತ ಕಲಿಯುವುದೇ ಕ್ಷೇಮ.

ಇನ್ನೊಂದು ಎಚ್ಚರಿಕೆ. ಕನ್ನಡದಲ್ಲಿ ‘ತಿಂದೇಬಿಟ್ಟ’ ಎಂದು ನಡುವೆ ಒಂದು ‘ಏ’ ನುಸುಳಬಹುದು, ದೋಸೆ ನುಸುಳದು. ಇಂಗ್ಲಿಷಿನ ‘ಈಟ್ ಅಪ್’ನಲ್ಲಿ ದೋಸೆ ನಡುವೆ ಬಂದರೂ ಸರಿ, ಕೊನೆಗೆ ಬಂದರೂ ಸರಿ, ಅದು ‘ಇಟ್’ ಆದ ಕೂಡಲೇ ನಡುವೆಯೇ ಕೂರಬೇಕು, ‘ಈಟ್ ಇಟ್ ಅಪ್’. ಇಷ್ಟು ಹೇಳಿದ ಮೇಲೂ ‘ಈಟ್ ಅಪ್ ಇಟ್’ ಎಂದು ಬರೆಯುವವರ ನೋಟ್‌ಬುಕ್ಕನ್ನು ನಾನು ಒಂದು ವಾರ ನನ್ನ ಮೇಜಿನ ಮೇಲೇ ಇಟ್ಟುಕೊಳ್ಳುತ್ತೇನೆ.