ಎಡಿಟರ್ ಎಳೆಯುವ ಗೆರೆಯನ್ನು ಯಾರು ಓದುತ್ತಾರೆ

ಜಯನಗರದ ನಮ್ಮ ಕಚೇರಿಯಲ್ಲಿ ಶಾಲಾ ಬಸ್ಸುಗಳು ಎಲ್ಲಿವೆ ಎಂಬುದನ್ನು ಪೋಷಕರ ಫೋನಿನಲ್ಲಿ ತೋರಿಸುವ ಸೇವೆಯೊಂದನ್ನು ನಡೆಸುತ್ತೇವೆ. ಎರಡು ವರ್ಷದ ಹಿಂದೆ ಮಳೆಗಾಲದ ಒಂದು ಸಂಜೆ ರಸ್ತೆಯಲ್ಲಿ ನೀರು ನಿಂತು, ಒಂದು ಬಸ್ಸಿನ ಚಾಲಕರು ದಾರಿ ಬದಲಿಸಿದರು. ಆ ದಾರಿಯಲ್ಲಿ ನಮ್ಮ ಪಟ್ಟಿಯಲ್ಲಿಲ್ಲದ ನಿಲ್ದಾಣವೊಂದಿತ್ತು. ನಿಲ್ದಾಣವನ್ನು ಹುಡುಕುವ ಫಂಕ್ಷನ್, ಅಂದರೆ ಆ ಒಂದು ಕೆಲಸಕ್ಕೆಂದೇ ಬರೆದ ಕೋಡಿನ ತುಣುಕು, ಏನೂ ಸಿಗದೆ ಖಾಲಿ ಮೌಲ್ಯವನ್ನು ಹಿಂತಿರುಗಿಸಿತು. ಅದನ್ನು ಕರೆದಿದ್ದ ಕೋಡು ಖಾಲಿ ಮೌಲ್ಯದ ಬಳಿಯೇ ನಿಲ್ದಾಣದ ಹೆಸರು ಕೇಳಿ ಅಲ್ಲಿಗೇ ನಿಂತುಹೋಯಿತು. ಬಸ್ಸಿನಲ್ಲಿದ್ದ ಮಕ್ಕಳ ಮನೆಯವರಿಗೆ ಮುಕ್ಕಾಲು ಗಂಟೆ ಬಸ್ಸು ಎಲ್ಲಿದೆಯೆಂದು ತಿಳಿಯಲಿಲ್ಲ. ಅಂದು ಬಂದ ಕರೆಗಳಲ್ಲಿ ಕೇಳಿದ ಗಾಬರಿಯ ದನಿಗಳನ್ನು ನಾನು ಮರೆತಿಲ್ಲ.

ಮರುದಿನ ಬೆಳಿಗ್ಗೆ ಆ ಕೋಡಿನ ಫೈಲನ್ನು ಎಡಿಟರ್‌ನಲ್ಲಿ, ಅಂದರೆ ಕೋಡು ಬರೆಯುವ ತಂತ್ರಾಂಶದಲ್ಲಿ, ತೆರೆದಾಗ, ತಪ್ಪು ನಡೆದ ಸಾಲಿನ ಕೆಳಗೇ ಹಳದಿ ಬಣ್ಣದ ಅಲೆಗೆರೆ ಇತ್ತು. ಅದರ ಮೇಲೆ ಮೌಸ್ ಇಟ್ಟರೆ, ಈ ಮೌಲ್ಯ ಖಾಲಿಯಾಗಿರಬಹುದು, ಖಾಲಿ ಮೌಲ್ಯಕ್ಕೆ ಹೆಸರು ಎಂಬ ಗುಣವಿಲ್ಲ ಎಂಬ ಸ್ಪಷ್ಟ ಸಂದೇಶ ಬರುತ್ತಿತ್ತು. ಆ ಗೆರೆ ಅಲ್ಲಿ ಮೂರು ವಾರದಿಂದ ಇತ್ತು. ಕೋಡು ಬರೆದಿದ್ದ ಕಿರಿಯ ಸಹೋದ್ಯೋಗಿಯನ್ನು ಕರೆದು, "ಇದನ್ನು ನೋಡಿರಲಿಲ್ಲವೇನಪ್ಪಾ?" ಎಂದು ಕೇಳಿದೆ. "ನೋಡಿದ್ದೆ ಸರ್. ಆದ್ರೆ ಆ ಫೈಲಲ್ಲಿ ಎಲ್ಲಾ ಕಡೆನೂ ಗೆರೆ ಇದೆಯಲ್ಲ ಸರ್" ಎಂದರು. ಅವರು ಹೇಳಿದ್ದು ನಿಜ. ಸಾಲು ಉದ್ದವಾಯಿತು, ಎರಡು ಖಾಲಿ ಸಾಲು ಬಿಡಬೇಕಿತ್ತು, ಫಂಕ್ಷನ್‌ಗೆ ವಿವರಣೆ ಬರೆದಿಲ್ಲ ಎಂಬ ದೂರುಗಳಿಗೂ ಅದೇ ಬಣ್ಣದ ಅದೇ ಗೆರೆ ಬರುವಂತೆ ಎಡಿಟರನ್ನು ಹೊಂದಿಸಿಟ್ಟವನು ನಾನೇ. ಉಪಕರಣ ತನ್ನ ಕೆಲಸವನ್ನು ಮಾಡಿತ್ತು. ಅದರ ಮಾತನ್ನು ಯಾರೂ ಓದದಂತೆ ಮಾಡಿದ್ದು ನನ್ನ ಹೊಂದಿಕೆ.

ಕೋಡನ್ನು ಓಡಿಸದೆ, ಬರೆದದ್ದನ್ನಷ್ಟೇ ಓದಿ ತಪ್ಪು ಹುಡುಕುವ ಕೆಲಸಕ್ಕೆ ಸ್ಟ್ಯಾಟಿಕ್ ಅನಾಲಿಸಿಸ್ ಎಂದು ಹೆಸರು. 1978ರಲ್ಲಿ ಬೆಲ್ ಲ್ಯಾಬ್ಸ್‌ನ ಸ್ಟೀಫನ್ ಜಾನ್ಸನ್ ಸಿ ಭಾಷೆಗಾಗಿ ಬರೆದ ಲಿಂಟ್ ಈ ಬಗೆಯ ಉಪಕರಣಗಳಿಗೆ ಮನೆತನದ ಹೆಸರನ್ನೇ ಕೊಟ್ಟಿತು. ಬಟ್ಟೆಗೆ ಅಂಟಿಕೊಳ್ಳುವ ನೂಲಿನ ಜುಂಗನ್ನು ಇಂಗ್ಲಿಷಿನಲ್ಲಿ ಹಾಗೆ ಕರೆಯುತ್ತಾರೆ. ಜುಂಗನ್ನು ಒಂದೊಂದಾಗಿ ಆರಿಸಿ ತೆಗೆಯುವ ಆ ಪ್ರೋಗ್ರಾಮನ್ನು ಆಗ ಬೇರೆಯಾಗಿ ಓಡಿಸಬೇಕಿತ್ತು, ಉತ್ತರ ಉದ್ದನೆಯ ಪಟ್ಟಿಯಾಗಿ ಬರುತ್ತಿತ್ತು. ಇಂದು ಅದೇ ಉತ್ತರ ನಾವು ಟೈಪ್ ಮಾಡುತ್ತಿರುವಾಗಲೇ ಸಾಲಿನ ಕೆಳಗೆ ಬಂದು ಕೂರುತ್ತದೆ.

ಅರ್ಧ ಬರೆದ ಹೆಸರನ್ನು ಪೂರ್ತಿ ಮಾಡಲು ಪಟ್ಟಿ ಕೊಡುವ ಆಟೋಕಂಪ್ಲೀಟ್ ಇದರ ಜೊತೆಗಾರನಾದರೂ ಅದರ ಸ್ವಭಾವ ಬೇರೆ. ಹೆಸರಿನ ಮುಂದೆ ಚುಕ್ಕಿ ಒತ್ತಿದ ಕೂಡಲೆ ಪಟ್ಟಿ ತೆರೆಯಬೇಕು. ಮುಂದಿನ ಅಕ್ಷರ ಒತ್ತುವಷ್ಟರಲ್ಲಿ ಅದು ಬಾರದಿದ್ದರೆ ಕೈ ಕಾಯುವುದಿಲ್ಲ. ಅದೂ ಅಲ್ಲದೆ, ಟೈಪ್ ಮಾಡುತ್ತಿರುವ ಹೊತ್ತಿನಲ್ಲಿ ಕೋಡು ಹೆಚ್ಚುಕಡಿಮೆ ಯಾವಾಗಲೂ ಮುರಿದೇ ಇರುತ್ತದೆ: ತೆರೆದ ಆವರಣ ಮುಚ್ಚಿರುವುದಿಲ್ಲ, ಸಾಲು ಅರ್ಧಕ್ಕೆ ನಿಂತಿರುತ್ತದೆ. ಕೋಡನ್ನು ಯಂತ್ರದ ಭಾಷೆಗೆ ತಿರುಗಿಸುವ ಕಂಪೈಲರ್ ಇಂಥ ಕೋಡನ್ನು ತಪ್ಪೆಂದು ತಳ್ಳಿಹಾಕಬಹುದು. ಎಡಿಟರ್‌ಗೆ ಆ ಅನುಕೂಲವಿಲ್ಲ. ಅದು ಮುರಿದ ಭಾಗವನ್ನು ಬದಿಗಿಟ್ಟು ಉಳಿದದ್ದನ್ನು ಅರ್ಥ ಮಾಡಿಕೊಳ್ಳಬೇಕು, ಪ್ರತಿ ಅಕ್ಷರಕ್ಕೂ ಇಡೀ ಫೈಲನ್ನು ಮತ್ತೆ ಓದದೆ ಬದಲಾದ ತುಂಡನ್ನು ಮಾತ್ರ ಹೊಸದಾಗಿ ಓದಬೇಕು. ಟ್ರೀ-ಸಿಟರ್‌ನಂಥ ಪಾರ್ಸರ್‌ಗಳನ್ನು, ಅಂದರೆ ಕೋಡಿನ ರಚನೆಯನ್ನು ಬಿಡಿಸಿ ಓದುವ ಉಪಕರಣಗಳನ್ನು, ಕಟ್ಟಿದ್ದು ಇದಕ್ಕಾಗಿಯೇ.

ಹಳೆಯ ವಿಧಾನವೂ ಒಂದಿದೆ, ಅದನ್ನು ನಾನು ಇಂದಿಗೂ ಗೌರವಿಸುತ್ತೇನೆ. ವಿಮ್ ಎಡಿಟರ್‌ನಲ್ಲಿ ಕಂಟ್ರೋಲ್ ಮತ್ತು ಎನ್ ಕೀಲಿಗಳನ್ನು ಒತ್ತಿದರೆ, ತೆರೆದ ಫೈಲುಗಳಲ್ಲಿ ಅದೇ ಅಕ್ಷರಗಳಿಂದ ಶುರುವಾಗುವ ಪದಗಳೆಲ್ಲ ಪಟ್ಟಿಯಾಗಿ ಬರುತ್ತವೆ. ಅದಕ್ಕೆ ಪ್ರೋಗ್ರಾಮಿನ ಭಾಷೆ ಗೊತ್ತಿಲ್ಲ, ಪದ ಮಾತ್ರ ಗೊತ್ತು. ಆದರೂ ಉದ್ದದ ಹೆಸರುಗಳಲ್ಲಿ ಆಗುವ ಕಾಗುಣಿತದ ತಪ್ಪುಗಳನ್ನು ಅದು ಬಹುಮಟ್ಟಿಗೆ ತಡೆಯುತ್ತದೆ. ಭಾಷೆಯನ್ನು ಬಲ್ಲ ಪಟ್ಟಿ ಬೇಕಾದರೆ ಪ್ರತಿ ಹೆಸರಿನ ಹಿಂದೆ ಯಾವ ಬಗೆಯ ಮೌಲ್ಯವಿದೆ ಎಂಬುದು ತಿಳಿದಿರಬೇಕು. 2015ರಲ್ಲಿ ಬಂದ ಪೈಥಾನ್ ಭಾಷೆಯ 3.5ನೇ ಆವೃತ್ತಿಯಿಂದ ಈಚೆಗೆ ಮೌಲ್ಯದ ಬಗೆಯನ್ನು ಹೇಳುವ ಟೈಪ್ ಸೂಚನೆಗಳನ್ನು ಕೋಡಿನಲ್ಲಿಯೇ ಬರೆಯಲು ಒಪ್ಪಿತ ಕ್ರಮವಿದೆ. ಒಂದು ಫಂಕ್ಷನ್ ನಿಲ್ದಾಣವನ್ನಾಗಲಿ ಖಾಲಿ ಮೌಲ್ಯವನ್ನಾಗಲಿ ಕೊಡಬಹುದು ಎಂದು ಒಂದು ಸಾಲು ಬರೆದರೆ, ಆಟೋಕಂಪ್ಲೀಟ್ ಅದನ್ನೇ ಓದಿ ಪಟ್ಟಿ ಕೊಡುತ್ತದೆ, ಪರಿಶೀಲಕವೂ ಅದನ್ನೇ ಓದಿ ಎಚ್ಚರಿಸುತ್ತದೆ. ಹೊಸಬರಿಗೆ ನಾನು ಮೊದಲು ಹೇಳಿಕೊಡುವುದು ಈ ಸಾಲನ್ನು ಬರೆಯುವುದನ್ನು.

ಹಿಂದೆ ಪ್ರತಿ ಎಡಿಟರ್‌ಗೂ ಪ್ರತಿ ಭಾಷೆಗೂ ಪ್ರತ್ಯೇಕ ಪ್ಲಗಿನ್, ಅಂದರೆ ಎಡಿಟರ್‌ಗೆ ಸೇರಿಸುವ ಪುಟ್ಟ ತಂತ್ರಾಂಶ, ಬರೆಯಬೇಕಿತ್ತು. ಹತ್ತು ಎಡಿಟರ್, ಹತ್ತು ಭಾಷೆ ಎಂದರೆ ನೂರು ಪ್ಲಗಿನ್. 2016ರ ಜೂನ್‌ನಲ್ಲಿ ಮೈಕ್ರೋಸಾಫ್ಟ್, ರೆಡ್ ಹ್ಯಾಟ್ ಮತ್ತು ಕೋಡೆನ್ವಿ ಸಂಸ್ಥೆಗಳು ಸೇರಿ ಲ್ಯಾಂಗ್ವೇಜ್ ಸರ್ವರ್ ಪ್ರೋಟೋಕಾಲ್ ಅನ್ನು ಪ್ರಕಟಿಸಿದ ಮೇಲೆ, ಭಾಷೆಯನ್ನು ಬಲ್ಲ ಸರ್ವರ್ ಒಂದು ಕಡೆ, ಎಡಿಟರ್ ಇನ್ನೊಂದು ಕಡೆ ನಿಂತು ಜೇಸನ್ ಎಂಬ ಸರಳ ಪಠ್ಯರೂಪದ ಸಂದೇಶಗಳಲ್ಲಿ ಮಾತಾಡಿಕೊಳ್ಳುವ ಕ್ರಮ ನೆಲೆಯಾಯಿತು. ನೂರರ ಕೆಲಸ ಇಪ್ಪತ್ತಕ್ಕೆ ಇಳಿಯಿತು. ಇಂದು ವಿಎಸ್ ಕೋಡ್ ಬಳಸುವವರಿಗೂ ನಿಯೋವಿಮ್ ಬಳಸುವವರಿಗೂ ಒಂದೇ ಸರ್ವರ್‌ನಿಂದ ಒಂದೇ ಎಚ್ಚರಿಕೆ ಸಿಗುವುದು ಇದರಿಂದ.

ಕನ್ನಡದಲ್ಲಿ ಕೆಲಸ ಮಾಡುವವರು ಈ ಪ್ರೋಟೋಕಾಲ್‌ನ ಒಂದು ಅಂಶವನ್ನು ತಿಳಿದಿರಲೇಬೇಕು. ನಮ್ಮ ಪರೀಕ್ಷಾ ಕೋಡಿನಲ್ಲಿ ನಿಲ್ದಾಣಗಳ ಹೆಸರು ಕನ್ನಡದಲ್ಲಿದೆ. ಒಮ್ಮೆ ಅಲೆಗೆರೆಗಳೆಲ್ಲ ತಪ್ಪಿದ ಜಾಗಕ್ಕಿಂತ ಬಲಕ್ಕೆ, ಕೆಲವೊಮ್ಮೆ ಸಾಲಿನ ಹೊರಗೆ, ಕಾಣಿಸತೊಡಗಿದವು. ಕಾರಣ ಎಣಿಕೆಯಲ್ಲಿತ್ತು. ‘ಬೆಂಗಳೂರು’ ಎಂಬ ಪದದಲ್ಲಿ ನಮ್ಮ ಕಣ್ಣಿಗೆ ಕಾಣುವ ಅಕ್ಷರಗಳು 4. ಸ್ವರಚಿಹ್ನೆ, ಅನುಸ್ವಾರಗಳನ್ನು ಬೇರೆಬೇರೆಯಾಗಿ ಎಣಿಸುವ ಯೂನಿಕೋಡ್‌ನಲ್ಲಿ ಅದು 8 ಸಂಕೇತ. ಆ ಸಂಕೇತಗಳನ್ನು ಬೈಟ್‌ಗಳಾಗಿ ಬರೆಯುವ ಒಂದು ಕ್ರಮವಾದ ಯುಟಿಎಫ್-8ರಲ್ಲಿ ಫೈಲಿಗೆ ಬರೆದಾಗ, ಕನ್ನಡದ ಪ್ರತಿ ಸಂಕೇತಕ್ಕೂ ಮೂರು ಬೈಟ್ ಬೇಕಾದುದರಿಂದ, 24 ಬೈಟ್. ಸಾಲಿನೊಳಗಿನ ಸ್ಥಾನವನ್ನು ಯುಟಿಎಫ್-16 ಎಂಬ ಇನ್ನೊಂದು ಕ್ರಮದ ಲೆಕ್ಕದಲ್ಲಿ ಹೇಳಬೇಕೆಂಬುದು ಪ್ರೋಟೋಕಾಲ್‌ನ ಮೂಲ ನಿಯಮ. ಆ ಲೆಕ್ಕದಲ್ಲಿ ಈ ಪದ 8. ಸರ್ವರ್ ಬೈಟ್‌ಗಳನ್ನು ಎಣಿಸಿ 24 ಎಂದರೆ, ಪದದ ಮುಂದಿನ ಗೆರೆ 16 ಸ್ಥಾನ ಪಕ್ಕಕ್ಕೆ ಸರಿಯುತ್ತದೆ. ಇಂಗ್ಲಿಷ್ ಕೋಡಿನಲ್ಲಿ ಮೂರು ಲೆಕ್ಕವೂ ಒಂದೇ ಆಗಿರುವುದರಿಂದ ಈ ದೋಷ ಅಲ್ಲಿ ಹೊರಬೀಳುವುದೇ ಇಲ್ಲ. 2022ರ 3.17ನೇ ಆವೃತ್ತಿಯಿಂದ ಎಡಿಟರ್ ಮತ್ತು ಸರ್ವರ್ ಯಾವ ಲೆಕ್ಕವನ್ನು ಬಳಸಬೇಕೆಂದು ಆರಂಭದಲ್ಲಿಯೇ ಒಪ್ಪಂದ ಮಾಡಿಕೊಳ್ಳಬಹುದು. ಹೊಸ ಉಪಕರಣವನ್ನು ಒಪ್ಪಿಕೊಳ್ಳುವ ಮುನ್ನ ನಾನು ಈಗ ಕನ್ನಡದ ಸಾಲೊಂದನ್ನು ಕೊಟ್ಟು ನೋಡುತ್ತೇನೆ. ನಮ್ಮ ಭಾಷೆಯ ಮುಂದೆ ಗೆರೆ ಸರಿಯುವ ಉಪಕರಣ ನಮಗೆ ಬೇಡ.

ಎಚ್ಚರಿಕೆಗಳ ವಿಚಾರಕ್ಕೆ ಬರೋಣ. ಪ್ರೋಗ್ರಾಮಿನ ನಡವಳಿಕೆಯ ಬಗ್ಗೆ ಯಾವುದೇ ಮಹತ್ವದ ಪ್ರಶ್ನೆಗೆ ಎಲ್ಲ ಪ್ರೋಗ್ರಾಮುಗಳಲ್ಲೂ ಸರಿಯಾದ ಉತ್ತರ ಕೊಡುವ ಯಂತ್ರವಿಧಾನ ಇರಲಾರದು ಎಂಬುದನ್ನು ಗಣಿತಜ್ಞ ಹೆನ್ರಿ ಗಾರ್ಡನ್ ರೈಸ್ 1953ರಲ್ಲಿಯೇ ಸಾಧಿಸಿ ತೋರಿಸಿದರು. ಆದ್ದರಿಂದ ಪ್ರತಿಯೊಂದು ಉಪಕರಣವೂ ಕೆಲವು ತಪ್ಪುಗಳನ್ನು ಬಿಟ್ಟುಬಿಡಬೇಕು, ಇಲ್ಲವೇ ತಪ್ಪಿಲ್ಲದ ಕಡೆಯೂ ಎಚ್ಚರಿಸಬೇಕು. ವಿಮಾನದ ನಿಯಂತ್ರಣ ಕೋಡಿಗೆ ಬಳಸುವ ಅಸ್ತ್ರೇ ಎಂಬ ಫ್ರೆಂಚ್ ಉಪಕರಣ ತಾನು ಹುಡುಕುವ ಬಗೆಯ ಒಂದು ದೋಷವನ್ನೂ ಬಿಡದ ದಾರಿಯನ್ನು ಆರಿಸಿಕೊಂಡಿತು. 2003ರಲ್ಲಿ ಏರ್‌ಬಸ್ ಎ340ರ ಪ್ರಧಾನ ಹಾರಾಟ ನಿಯಂತ್ರಣದ ತಂತ್ರಾಂಶದಲ್ಲಿ ಆ ಬಗೆಯ ದೋಷಗಳಿಲ್ಲವೆಂದು ಸಾಧಿಸಿ ತೋರಿಸಿತು. ನಮ್ಮ ನಿಮ್ಮ ದಿನನಿತ್ಯದ ಉಪಕರಣಗಳು ಇನ್ನೊಂದು ದಾರಿಯಲ್ಲಿವೆ.

ಯಾವ ಎಚ್ಚರಿಕೆಯನ್ನು ಮೊದಲಿನಿಂದಲೇ ಚಾಲೂ ಇಡಬೇಕು ಎಂಬ ತೀರ್ಮಾನ ಎಷ್ಟು ಭಾರವಾದುದು ಎಂಬುದಕ್ಕೆ 2014ರ ಫೆಬ್ರುವರಿಯಲ್ಲಿ ಬೆಳಕಿಗೆ ಬಂದ ಆಪಲ್‌ನ ದೋಷವೇ ಸಾಕ್ಷಿ. ಸುರಕ್ಷಿತ ಸಂಪರ್ಕದ ಕೋಡಿನಲ್ಲಿ ‘ಗೋಟು ಫೇಲ್’ (ವಿಫಲತೆಯ ಭಾಗಕ್ಕೆ ಜಿಗಿ) ಎಂಬ ಸಾಲು ಎರಡು ಬಾರಿ ಬಂದಿತ್ತು. ಎರಡನೆಯದು ಷರತ್ತಿನ ಒಳಗಿರುವಂತೆ ಕಾಣುತ್ತಿದ್ದರೂ ಆವರಣಗಳಿಲ್ಲದ ಕಾರಣ ಹೊರಗಿತ್ತು. ಆದ್ದರಿಂದ ಅದರ ಮುಂದಿದ್ದ ಸಹಿ ಪರಿಶೀಲನೆಯ ಸಾಲುಗಳು ಎಂದೂ ಓಡುತ್ತಿರಲಿಲ್ಲ. ಹೀಗೆ ತಲುಪಲಾಗದ ಕೋಡನ್ನು ಗುರುತಿಸುವ ಎಚ್ಚರಿಕೆ ಕ್ಲ್ಯಾಂಗ್ ಕಂಪೈಲರ್‌ನಲ್ಲಿ ಆಗಲೇ ಇತ್ತು. ‘ಎಲ್ಲ’ ಎಂಬ ಹೆಸರಿನ ಆಯ್ಕೆಯನ್ನು ಕೊಟ್ಟರೂ ಅದು ಚಾಲೂ ಆಗುತ್ತಿರಲಿಲ್ಲ, ಬೇರೆಯಾಗಿ ಕೇಳಬೇಕಿತ್ತು. 2016ರಲ್ಲಿ ಜಿಸಿಸಿ ಎಂಬ ಇನ್ನೊಂದು ಕಂಪೈಲರ್‌ನ 6ನೇ ಆವೃತ್ತಿಯಲ್ಲಿ ದಾರಿ ತಪ್ಪಿಸುವ ಇಂಡೆಂಟೇಶನ್ (ಸಾಲಿನ ಆರಂಭದಲ್ಲಿ ಬಿಡುವ ಜಾಗ) ಬಗ್ಗೆ ಹೊಸ ಎಚ್ಚರಿಕೆ ಸೇರಿತು, ಮತ್ತು ಅದನ್ನು ಆ ‘ಎಲ್ಲ’ದ ಒಳಗೇ ಇಟ್ಟರು. ಸಾಲಿನ ಉದ್ದದ ಬಗ್ಗೆ ಎಳೆದ ನೂರು ಗೆರೆಗಳಿಗಿಂತ ಇಂಥ ಒಂದು ಗೆರೆಗೆ ನಾನು ಹೆಚ್ಚು ಬೆಲೆ ಕೊಡುತ್ತೇನೆ.

ಎಚ್ಚರಿಕೆ ಬರುವ ಹೊತ್ತೂ ಅಷ್ಟೇ ಮುಖ್ಯ. ಫೇಸ್‌ಬುಕ್‌ನಲ್ಲಿ ಇನ್ಫರ್ ಎಂಬ ಉಪಕರಣವನ್ನು ಕಟ್ಟಿದವರು ತಮ್ಮ ಅನುಭವವನ್ನು 2019ರಲ್ಲಿ ಪ್ರಕಟಿಸಿದರು. ಇಡೀ ಕೋಡನ್ನು ಪರಿಶೀಲಿಸಿ ದೋಷಗಳ ಪಟ್ಟಿಯನ್ನು ಪ್ರೋಗ್ರಾಮರುಗಳಿಗೆ ಹಂಚಿದಾಗ ತಿದ್ದುಪಡಿಯಾದದ್ದು ಹೆಚ್ಚುಕಡಿಮೆ ಸೊನ್ನೆ. ಅದೇ ಉಪಕರಣದ ಎಚ್ಚರಿಕೆಗಳನ್ನು, ಪ್ರೋಗ್ರಾಮರ್ ತನ್ನ ಬದಲಾವಣೆಯನ್ನು ಪರಿಶೀಲನೆಗೆ ಒಪ್ಪಿಸಿದ ಹೊತ್ತಿನಲ್ಲಿ, ಬದಲಾದ ಸಾಲುಗಳ ಪಕ್ಕದಲ್ಲಿಯೇ ತೋರಿಸಿದಾಗ ಶೇಕಡಾ 70ಕ್ಕೂ ಹೆಚ್ಚು ತಿದ್ದುಪಡಿಯಾದವು. ಆ ಹೊತ್ತಿನಲ್ಲಿ ಕೋಡು ಬರೆದವರ ತಲೆಯಲ್ಲಿ ಅದರ ಚಿತ್ರ ಇನ್ನೂ ತಾಜಾ ಇರುತ್ತದೆ. ಬೇರೆ ಕೆಲಸವನ್ನು ಬಿಟ್ಟು ಹಿಂತಿರುಗಬೇಕಾಗಿರುವುದಿಲ್ಲ. ಗೂಗಲ್‌ನವರು ಸುಳ್ಳು ಎಚ್ಚರಿಕೆಯನ್ನು ವ್ಯಾಖ್ಯಾನಿಸಿದ ರೀತಿಯೂ ನನಗೆ ಒಪ್ಪಿಗೆಯಾಯಿತು: ಎಚ್ಚರಿಕೆ ತರ್ಕದ ಪ್ರಕಾರ ನಿಜವಾಗಿದ್ದರೂ, ಅದನ್ನು ಓದಿದವರು ಏನನ್ನೂ ಮಾಡದೆ ಮುಂದೆ ಹೋದರೆ ಅದು ಸುಳ್ಳು ಎಚ್ಚರಿಕೆಯ ಲೆಕ್ಕಕ್ಕೇ ಸೇರಬೇಕು. ಈ ಅಳತೆಯಲ್ಲಿ ನಮ್ಮ ಆ ಫೈಲಿನ ಪ್ರತಿಯೊಂದು ಗೆರೆಯೂ, ಬಸ್ಸನ್ನು ಕಾಣದಂತೆ ಮಾಡಿದ ಆ ನಿಜವಾದ ಗೆರೆಯೂ ಸೇರಿ, ಸುಳ್ಳೇ ಆಗಿತ್ತು.

2021ರ ಜೂನ್‌ನಲ್ಲಿ ಗಿಟ್‌ಹಬ್ ಕೋಪೈಲಟ್‌ನ ಪೂರ್ವಾವೃತ್ತಿ ಬಂದ ಮೇಲೆ ಆಟೋಕಂಪ್ಲೀಟ್ ಎಂಬ ಪದದ ಅರ್ಥವೇ ಹಿಗ್ಗಿದೆ. ಚುಕ್ಕಿಯ ಮುಂದಿನ ಹಳೆಯ ಪಟ್ಟಿ, ಟೈಪ್ ತಿಳಿದಿದ್ದಾಗ, ನಿಜವಾಗಿಯೂ ಇರುವ ಹೆಸರುಗಳನ್ನು ಮಾತ್ರ ಕೊಡುತ್ತಿತ್ತು. ಕೋಪೈಲಟ್‌ನಂಥ ಉಪಕರಣಗಳ ಹಿಂದಿರುವ ಭಾಷಾ ಮಾದರಿಗಳು ಮುಂದೆ ಬರಬಹುದಾದ ಪಠ್ಯವನ್ನು ಊಹಿಸುತ್ತವೆ. ಆ ಊಹೆಯಲ್ಲಿ ಎಲ್ಲೂ ಇಲ್ಲದ ಫಂಕ್ಷನ್ನಿನ ಹೆಸರೂ ಬರಬಹುದು, ಅದು ಇರುವಂತೆಯೇ ಸಹಜವಾಗಿ ಕಾಣಲೂಬಹುದು. ನಮ್ಮ ಕಚೇರಿಯಲ್ಲಿ ಇವುಗಳ ಬಳಕೆಯನ್ನು ನಾನು ತಡೆದಿಲ್ಲ. ಆದರೆ ಇಂಥ ಸಲಹೆಯನ್ನು ಒಪ್ಪಿಕೊಂಡ ಮೇಲೆ ಟೈಪ್ ಪರಿಶೀಲನೆ ಮುಗಿಯುವವರೆಗೆ ಮುಂದಿನ ಸಾಲಿಗೆ ಹೋಗಬಾರದೆಂದು ಕೇಳಿಕೊಂಡಿದ್ದೇನೆ. ಹೆಚ್ಚು ಕೋಡು ಬೇರೆಡೆಯಿಂದ ಬರುತ್ತಿರುವ ಕಾಲದಲ್ಲಿ ಆ ಒಂದು ಗೆರೆಯ ಮೇಲಿನ ನಂಬಿಕೆ ಹಿಂದೆಂದಿಗಿಂತಲೂ ಹೆಚ್ಚು ಬೇಕಾಗಿದೆ.

ಆ ಸಂಜೆಯ ನಂತರ ನಾವು ಮಾಡಿದ್ದು ಇಷ್ಟು. ಖಾಲಿ ಸಾಲು, ಉದ್ದ, ಆವರಣದ ಶೈಲಿಗಳನ್ನೆಲ್ಲ ಫೈಲ್ ಸೇವ್ ಮಾಡಿದಾಗ ತಾನೇ ಸರಿಪಡಿಸುವ ಫಾರ್ಮ್ಯಾಟರ್‌ಗೆ ಒಪ್ಪಿಸಿದೆವು. ಯಂತ್ರ ತಾನೇ ಸರಿಮಾಡಬಲ್ಲದ್ದಕ್ಕೆ ಮನುಷ್ಯರ ಗಮನವನ್ನು ಕೇಳಬಾರದು. ಉಳಿದ ನಿಯಮಗಳಲ್ಲಿ ಪ್ರೋಗ್ರಾಮನ್ನು ನಿಜವಾಗಿ ಬೀಳಿಸಬಲ್ಲ ಕೆಲವನ್ನೇ ಇಟ್ಟುಕೊಂಡು, ಅವುಗಳ ಗೆರೆಯನ್ನು ಹಳದಿಯಿಂದ ಕೆಂಪಿಗೆ ಬದಲಿಸಿದೆವು. ಹಳೆಯ ಕೋಡಿನ ಎಚ್ಚರಿಕೆಗಳನ್ನು ಒಂದು ಫೈಲಿಗೆ ಬರೆದಿಟ್ಟು, ಹೊಸದಾಗಿ ಮುಟ್ಟಿದ ಸಾಲುಗಳಿಗೆ ಮಾತ್ರ ನಿಯಮ ಅನ್ವಯಿಸುವಂತೆ ಮಾಡಿದೆವು. ಎಡಿಟರ್‌ನಲ್ಲಿರುವ ಉಪಕರಣದ ಆವೃತ್ತಿಯೂ ಸರ್ವರ್‌ನಲ್ಲಿ ಕೋಡನ್ನು ಒಪ್ಪಿಕೊಳ್ಳುವ ಮುನ್ನ ಓಡುವ ಆವೃತ್ತಿಯೂ ಒಂದೇ ಇರಬೇಕೆಂಬುದು ನಾವು ಕಷ್ಟಪಟ್ಟು ಕಲಿತ ಪಾಠ. ತನ್ನ ಮೇಜಿನಲ್ಲಿ ಸರಿ ಎನಿಸಿಕೊಂಡ ಕೋಡು ಅಲ್ಲಿ ತಿರಸ್ಕೃತವಾದರೆ ಜನ ಎರಡನ್ನೂ ನಂಬುವುದಿಲ್ಲ. ಎಚ್ಚರಿಕೆಯನ್ನು ಮುಚ್ಚಿಡಲು ಯಾರಿಗೂ ಅಡ್ಡಿಯಿಲ್ಲ, ಆದರೆ ಏಕೆ ಎಂಬುದನ್ನು ಅದೇ ಸಾಲಿನಲ್ಲಿ ಕನ್ನಡದಲ್ಲೋ ಇಂಗ್ಲಿಷಿನಲ್ಲೋ ಬರೆಯಬೇಕು.

ತಿಂಗಳಿಗೊಮ್ಮೆ ಆ ಮುಚ್ಚಿಟ್ಟ ಸಾಲುಗಳನ್ನು ನಾನೂ ಆ ಕಿರಿಯ ಸಹೋದ್ಯೋಗಿಯೂ ಕೂತು ಓದುತ್ತೇವೆ. ಒಂದೇ ನಿಯಮವನ್ನು ಹಲವರು ಒಂದೇ ಕಾರಣಕ್ಕೆ ಮುಚ್ಚಿಟ್ಟಿದ್ದರೆ ಆ ನಿಯಮವನ್ನೇ ತೆಗೆಯುತ್ತೇವೆ. ಕಳೆದ ತಿಂಗಳು ಹಾಗೆ ಎರಡನ್ನು ತೆಗೆದೆವು. ಅವರು ಸೂಚಿಸಿದ ಒಂದನ್ನು ಹೊಸದಾಗಿ ಸೇರಿಸಿದೆವು. ಪಟ್ಟಿಯಲ್ಲಿ ಇಲ್ಲದ ನಿಲ್ದಾಣವನ್ನು ಹುಡುಕಿದಾಗ ಬರುವ ಖಾಲಿ ಮೌಲ್ಯವನ್ನು ಪರೀಕ್ಷಿಸದೆ ಬಳಸಿದರೆ, ಆ ಕೋಡು ಈಗ ನಮ್ಮ ಸರ್ವರ್‌ಗೆ ಸೇರುವುದೇ ಇಲ್ಲ.